ಸೇಬಿನ ಕಷಾಯ

ಕಳೆದ ದೀಪಾವಳಿಗೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, “ಮೇಷ್ಟ್ರೇ, ಆರು ತಿಂಗಳು ಅಮೆರಿಕದಲ್ಲಿದ್ದು ಬಂದವರು ಅದರ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲವಲ್ಲ, ನಯಾಗರಾ ನೋಡಿದಿರಾ?” ಎಂದು ಕೇಳಿದ. ನೋಡಲಿಲ್ಲ ಎಂದೆ. ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೂ ನೋಡಲಿಲ್ಲ ಎಂದೆ. “ಹಾಗಾದರೆ ಅಷ್ಟು ದಿನ ಏನು ಮಾಡಿದಿರಿ?” ಎಂದ. ಬಾಣಂತನ ಮಾಡಿದೆ, ಸೇಬಿನ ಕಷಾಯ ಕಾಯಿಸುವುದನ್ನು ಕಲಿತೆ ಎಂದೆ. ನಾನು ತಮಾಷೆ ಮಾಡುತ್ತಿದ್ದೇನೆಂದುಕೊಂಡು ಅವನು ನಕ್ಕ. ಹೇಳಿದ್ದು ನಿಜವಾದ್ದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನಾಕೆ 2019ರಲ್ಲಿ ತೀರಿಕೊಂಡದ್ದು ಈ ಬರಹಗಳನ್ನು ಓದುವ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿದೆ. ಅದರ ಮರುವರ್ಷ, ಲೋಕವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ, ಅಮೆರಿಕದಲ್ಲಿರುವ ಮಗಳಿಗೆ ನಿಂತಿದ್ದ ಗರ್ಭ ಮೂರನೆಯ ತಿಂಗಳಲ್ಲಿ ಹೋಯಿತು. ಹೊರಡೋಣವೆಂದರೆ ವಿಮಾನಗಳಿರಲಿಲ್ಲ. ಫೋನಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು, ಇಬ್ಬರೂ ಮಾತಿಲ್ಲದೆ ಎಷ್ಟೋ ಹೊತ್ತು ಕುಳಿತಿರುತ್ತಿದ್ದೆವು. ಇಂಥ ಹೊತ್ತಿನಲ್ಲಿ ತಾಯಿ ಏನು ಹೇಳುತ್ತಾಳೋ ಅದು ತಂದೆಯ ಬಾಯಲ್ಲಿ ಬರುವುದಿಲ್ಲ. 2022ರಲ್ಲಿ ಅವಳು ಮತ್ತೆ ಬಸುರಿಯಾದಳು. ಬೀಗಿತ್ತಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಹಾಸಿಗೆ ಬಿಟ್ಟೇಳುವ ಹಾಗಿರಲಿಲ್ಲ. ಹಾಗಾಗಿ ನಾನೇ ಹೊರಟೆ. “ಗಂಡಸು ಬಾಣಂತನಕ್ಕೆ ಹೋಗುವುದುಂಟೇನೋ ತಮ್ಮಾ?” ಎಂದು ನನ್ನ ಅಕ್ಕ ಮೂಗಿನ ಮೇಲೆ ಬೆರಳಿಟ್ಟಳು. ಆಮೇಲೆ ತಾನೇ ಕುಳಿತು ಬಾಣಂತಿಯ ಖಾರದ ಪುಡಿ, ಬೆಳ್ಳುಳ್ಳಿ ಲೇಹ್ಯ, ಮಗುವಿಗೆ ಹಳೆಯ ಹತ್ತಿಸೀರೆಯ ತುಂಡುಗಳು ಎಲ್ಲವನ್ನೂ ಕಟ್ಟಿಕೊಟ್ಟಳು. ಒಂದು ಡಬ್ಬಿ ಕಷಾಯದ ಪುಡಿಯನ್ನು ನಾನೇ ಹುರಿದು ಬೀಸಿ ತುಂಬಿಕೊಂಡೆ.

ಮಗಳ ಮನೆ ಇರುವುದು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ, ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಒಂದು ಗಂಟೆಯ ಹಾದಿ. ನಾನು ಹೋದದ್ದು ಸೆಪ್ಟೆಂಬರಿನಲ್ಲಿ. ಹೋದ ಮರುದಿನವೇ ಸಂಜೆಗೆ ಕಷಾಯ ಕಾಯಿಸಿದೆ. ತೀರ್ಥಹಳ್ಳಿಯ ಕಡೆಯ ಮಳೆಗಾಲವನ್ನು ಕಂಡವರಿಗೆ ಕಷಾಯದ ಬಗ್ಗೆ ವಿವರಿಸಬೇಕಾಗಿಲ್ಲ. ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು, ಒಣಶುಂಠಿ, ಬೆಲ್ಲ, ಹಾಲು: ಇವಿಷ್ಟೇ. ಎಲ್ಲರ ಮನೆಯಲ್ಲೂ ಇವೇ, ಆದರೆ ಒಂದು ಮನೆಯ ಕಷಾಯ ಇನ್ನೊಂದು ಮನೆಯದರಂತಿರುವುದಿಲ್ಲ. ನನ್ನಾಕೆ ಅಳತೆಯನ್ನು ಎಲ್ಲಿಯೂ ಬರೆದಿಟ್ಟವಳಲ್ಲ. ಅವಳ ಅಂಗೈಯೇ ಅಳತೆ. ಅವಳು ಹೋದ ಮೇಲೆ ನಾನು ಮೂರು ವರ್ಷ ಬಗೆಬಗೆಯಾಗಿ ಮಾಡಿ ನೋಡಿ ಒಂದು ಹದಕ್ಕೆ ತಂದುಕೊಂಡಿದ್ದೆ. ಮಗಳು ಅರ್ಧ ಲೋಟ ಕುಡಿದು, “ಚೆನ್ನಾಗಿದೆ ಅಪ್ಪ” ಎಂದು ಕೆಳಗಿಟ್ಟಳು. ಮರುದಿನವೂ ಅರ್ಧ, ಅದರ ಮರುದಿನವೂ ಅರ್ಧ. ನಾಲ್ಕನೆಯ ದಿನ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ನೀನು ಮಾಡಿದ್ದು ಚೆನ್ನಾಗಿಲ್ಲ ಅಂತಲ್ಲ ಅಪ್ಪ. ಅಮ್ಮನದ್ದರ ಹಾಗೇ ಇದೆ, ಆದರೆ ಅಮ್ಮನದ್ದಲ್ಲ. ಒಂದು ಗುಟುಕು ಕುಡಿದ ಕೂಡಲೇ ಅಮ್ಮ ಇಲ್ಲ ಅನ್ನೋದು ಗೊತ್ತಾಗುತ್ತೆ. ಕೆಳಗೆ ಇಳಿಯೋಲ್ಲ.” ನಾನು ಏನು ಹೇಳಲಿ? ನನಗೂ ಮೂರು ವರ್ಷದಿಂದ ಹಾಗೆಯೇ ಆಗುತ್ತಿತ್ತು. ನಾನು ಅಭ್ಯಾಸಬಲದಿಂದ ಕುಡಿದು ಮುಗಿಸುತ್ತಿದ್ದೆ, ಅಷ್ಟೇ. ಡಬ್ಬಿಯನ್ನು ಮೇಲಿನ ಗೂಡಿಗೆ ಸೇರಿಸಿದೆ.

ಅಕ್ಟೋಬರಿನ ಮೊದಲ ವಾರ ಅವಳಿಗೆ ಬಯಕೆ ಹುಟ್ಟಿತು. ಬಸುರಿಯ ಬಯಕೆಯೆಂದರೆ ಹುಳಿಮಾವು, ಹುಣಿಸೆ, ಹೆಚ್ಚೆಂದರೆ ಕಳಲೆ ಪಲ್ಯ ಎಂದುಕೊಂಡಿದ್ದವನಿಗೆ ಅವಳು, “ಬಿಸಿ ಸೈಡರ್ ಕುಡಿಯಬೇಕು ಅನ್ನಿಸ್ತಿದೆ” ಎಂದಾಗ ಎದೆ ಧಸಕ್ಕೆಂದಿತು. ನಾನು ಓದಿದ ಇಂಗ್ಲಿಷ್ ಕಾದಂಬರಿಗಳಲ್ಲೆಲ್ಲ ಸೈಡರ್ ಎಂದರೆ ಸೇಬಿನ ಮದ್ಯ. ತುಂಬು ಬಸುರಿ ಮದ್ಯವನ್ನು ಬಯಸುವುದೇ? ಅಳಿಯ ನನ್ನ ಮುಖ ನೋಡಿ ನಕ್ಕುಬಿಟ್ಟ. “ಮಾವ, ಇಲ್ಲಿ ಸೈಡರ್ ಅಂದರೆ ಸೋಸದ ಸೇಬಿನ ರಸ, ಅಷ್ಟೇ. ಮತ್ತು ಬರಿಸುವುದಕ್ಕೆ ಹಾರ್ಡ್ ಸೈಡರ್ ಅಂತಾರೆ.” ಒಂದೇ ಶಬ್ದಕ್ಕೆ ಇಂಗ್ಲೆಂಡಿನಲ್ಲಿ ಒಂದರ್ಥ, ಕಡಲು ದಾಟಿದರೆ ಇನ್ನೊಂದರ್ಥ.

ಆಮೇಲೆ ಓದಿಕೊಂಡಾಗ ತಿಳಿದದ್ದು: ಆ ಸೀಮೆಯಲ್ಲೂ ಮೊದಲು ಹುದುಗಿದ ಸೈಡರೇ ಮನೆಮನೆಯ ಪಾನೀಯವಾಗಿತ್ತು. ಆ ದೇಶದ ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ದಿನವೂ ಬೆಳಿಗ್ಗೆ ಒಂದು ದೊಡ್ಡ ಲೋಟ ಹುದುಗಿದ ಸೈಡರ್ ಕುಡಿಯುತ್ತಿದ್ದನಂತೆ. ಈ ಮಹಾಶಯ ತೊಂಬತ್ತು ವರ್ಷ ಬದುಕಿದ. ಹಾಗೆಂದು ನನ್ನ ಶಿಷ್ಯರು ಯಾರೂ ಇದನ್ನು ಪ್ರಮಾಣವಾಗಿ ತೆಗೆದುಕೊಳ್ಳತಕ್ಕದ್ದಲ್ಲ. ಬೀಜ ಹಾಕಿ ಬೆಳೆಸಿದ ಸೇಬಿನ ಗಿಡ ತಾಯಿಮರದಂಥ ಹಣ್ಣು ಕೊಡುವುದಿಲ್ಲವೆಂದು ಹತ್ತನೆಯ ತರಗತಿಯಲ್ಲಿ ಅನುವಂಶೀಯತೆಯ ಪಾಠ ಮಾಡುವಾಗ ಹೇಳುತ್ತಿದ್ದೆನಲ್ಲ, ನೆನಪಿರಬಹುದು. ಒಂದು ಹಣ್ಣಿನ ಐದು ಬೀಜ ಹಾಕಿದರೆ ಐದು ಬಗೆಯ ಮರ. ಹೆಚ್ಚಿನವು ಹುಳಿ, ಒಗರು. ರುಚಿಯ ಹಣ್ಣು ಬೇಕಿದ್ದರೆ ಕಸಿ ಕಟ್ಟಲೇಬೇಕು. ತಿನ್ನಲಾಗದ ಆ ಹುಳಿಹಣ್ಣುಗಳನ್ನು ಹಿಂಡಿ ಹುದುಗಿಸುತ್ತಿದ್ದರು. ಊರೂರಿಗೆ ಸೇಬಿನ ಬೀಜ ಬಿತ್ತುತ್ತ ನಡೆದ ಜಾನಿ ಆ್ಯಪಲ್‌ಸೀಡ್ ಎಂಬ ಜಾನ್ ಚಾಪ್‌ಮನ್‌ನ ಕಥೆ ಅಲ್ಲಿನ ಮಕ್ಕಳಿಗೆಲ್ಲ ಗೊತ್ತು. ಆತ 1774ರಲ್ಲಿ ಹುಟ್ಟಿದ ಲೆಮಿನ್‌ಸ್ಟರ್ ಊರು ಮಗಳ ಮನೆಗೆ ದೂರವಲ್ಲ. 1920ರಿಂದ 1933ರವರೆಗೆ ಆ ದೇಶದಲ್ಲಿ ಪಾನನಿಷೇಧವಿತ್ತು. ಈಗ ಅಲ್ಲಿ ಸೈಡರ್ ಎಂದರೆ ಮಕ್ಕಳು ಕುಡಿಯುವ ಪಾನೀಯ.

ಭಾನುವಾರ ತೋಟಕ್ಕೆ ಹೋದೆವು. ಸ್ಟೋ, ಬೋಲ್ಟನ್, ಹಾರ್ವರ್ಡ್ (ವಿಶ್ವವಿದ್ಯಾಲಯವಲ್ಲ, ಅದೇ ಹೆಸರಿನ ಹಳ್ಳಿ) ಎಂಬ ಊರುಗಳ ಸುತ್ತ ಗುಡ್ಡದ ಇಳಿಜಾರುಗಳಲ್ಲೆಲ್ಲ ಸೇಬಿನ ತೋಟಗಳು. ಚೀಲ ಕೊಂಡು ಒಳಗೆ ಹೋಗಿ ನಾವೇ ಕೊಯ್ದುಕೊಳ್ಳಬಹುದು. ಮ್ಯಾಕಿಂಟೋಷ್, ಕಾರ್ಟ್‌ಲ್ಯಾಂಡ್, ಮಕೌನ್ ಎಂದು ಸಾಲುಸಾಲಿಗೆ ಹೆಸರಿನ ಹಲಗೆಗಳು. ರಾಕ್ಸ್‌ಬರಿ ರಸೆಟ್ ಎಂಬ ಒರಟು ಸಿಪ್ಪೆಯ, ಆಲೂಗೆಡ್ಡೆಯ ಬಣ್ಣದ ಹಣ್ಣೊಂದಿತ್ತು. ಹದಿನೇಳನೆಯ ಶತಮಾನದಿಂದ ಅಲ್ಲಿರುವ ತಳಿ. ಅಮೆರಿಕದಲ್ಲೇ ಹುಟ್ಟಿದ ಸೇಬುಗಳಲ್ಲಿ ಅತಿ ಹಳೆಯದೆಂದು ಎಣಿಸುತ್ತಾರೆ. ನೋಡಲು ಕುರೂಪ, ರುಚಿ ಮಾತ್ರ ಉಳಿದವುಗಳನ್ನೆಲ್ಲ ಮರೆಸುವಂಥದು.

ನಾನು ಮರಗಳ ನಡುವೆ ನಿಂತುಬಿಟ್ಟೆ. ಕಾಲಿಟ್ಟಲ್ಲೆಲ್ಲ ಹಣ್ಣು ಬಿದ್ದಿದೆ, ತುಳಿಯದೆ ನಡೆಯುವ ಹಾಗಿಲ್ಲ. ನಮ್ಮ ಬಾಲ್ಯದಲ್ಲಿ ಸೇಬು ಮನೆಗೆ ಬರುತ್ತಿದ್ದದ್ದು ಯಾರಾದರೂ ಕಾಯಿಲೆ ಬಿದ್ದರೆ ಮಾತ್ರ. ರೋಗಿಯ ತಲೆದಿಂಬಿನ ಪಕ್ಕದಲ್ಲಿ ಕಾಗದದ ಚೀಲ, ಅದರಲ್ಲಿ ನಾಲ್ಕು ಸೇಬು; ರೋಗಿ ತಿಂದು ಬಿಟ್ಟ ಹೋಳಿಗಾಗಿ ನಾವು ಮಕ್ಕಳು ಕಾಯುತ್ತಿದ್ದೆವು. 2019ರಲ್ಲಿ ನನ್ನಾಕೆ ಆಸ್ಪತ್ರೆಯಲ್ಲಿ ಮಲಗಿದ್ದ ಹದಿನೇಳು ದಿನವೂ ಬಂದವರೆಲ್ಲ ಸೇಬು ತಂದರು. ಅವಳು ನೀರನ್ನೇ ನುಂಗಲಾರದ ಸ್ಥಿತಿಯಲ್ಲಿದ್ದಳು. ಮಂಚದ ಕೆಳಗೆ ಚೀಲಗಳು ಸೇರುತ್ತ ಹೋದವು, ಕೋಣೆಯೆಲ್ಲ ಮಾಗಿದ ಸೇಬಿನ ವಾಸನೆ. ಆಮೇಲೆ ನಾನು ಸೇಬು ಕೊಂಡದ್ದಿಲ್ಲ, ತಿಂದದ್ದೂ ಇಲ್ಲ. ಆ ತೋಟದಲ್ಲಿ ಅದೇ ವಾಸನೆ ಬಯಲು ತುಂಬ ಹರಡಿತ್ತು. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಟೊಂಗೆ ಬಗ್ಗಿಸಿ ಹಣ್ಣು ಕಿತ್ತು ಕಚ್ಚುತ್ತಿದ್ದಳು. “ತಿನ್ನು ಅಪ್ಪ” ಎಂದು ಇನ್ನೊಂದನ್ನು ಕೊಟ್ಟಳು. ತಿಂದೆ.

ತೋಟದ ಮೂಲೆಯ ಕೊಟ್ಟಿಗೆಯಲ್ಲಿ ರಸ ಹಿಂಡುವ ಯಂತ್ರವಿತ್ತು. ಸಿಪ್ಪೆ, ಬೀಜ, ತಿರುಳು ಎಲ್ಲವನ್ನೂ ಒಟ್ಟಿಗೆ ತರಿದು, ಆ ತರಿಯನ್ನು ದಪ್ಪ ಬಟ್ಟೆಯಲ್ಲಿ ಮಡಿಸಿ, ಮರದ ಚೌಕಟ್ಟುಗಳ ನಡುವೆ ಒಂದರ ಮೇಲೊಂದು ಪೇರಿಸಿ ಒತ್ತುತ್ತಾರೆ. ನಮ್ಮ ಆಲೆಮನೆಯ ಗಾಣದ ನೆನಪಾಯಿತು. ಇಳಿಯುವಾಗ ತಿಳಿಯಾಗಿರುವ ರಸ ನೋಡನೋಡುತ್ತಿದ್ದಂತೆ ಕಂದಾಗುತ್ತದೆ. ಕತ್ತರಿಸಿದ ಸೇಬು ಗಾಳಿಗೆ ಕಪ್ಪಾಗುವ ಉತ್ಕರ್ಷಣವೇ ಇದು, ಮೇಜಿನ ಮೇಲೆ ಎಷ್ಟು ಸಲ ಮಾಡಿ ತೋರಿಸಿದ್ದೇನೆ! ಆರೇಳು ಕಿಲೋ ಹಣ್ಣು ಹಿಂಡಿದರೆ ಒಂದು ಗ್ಯಾಲನ್, ಎಂದರೆ ನಾಲ್ಕು ಲೀಟರಿಗೆ ಸ್ವಲ್ಪ ಕಡಿಮೆ ರಸ. ಒಂದು ಹೂಜಿ ಕೊಂಡೆವು. ಮಗಳು ಅಲ್ಲೇ ಮುಚ್ಚಳ ತೆಗೆಯಹೊರಟಳು. ನಾನು ತಡೆದೆ.

ಹೂಜಿಗೆ ಅಂಟಿಸಿದ್ದ ಚೀಟಿಯನ್ನು ನಾನು ಓದಿದ್ದೆ. ಪಾಶ್ಚರೀಕರಿಸದ ರಸ, ಮಕ್ಕಳು, ವೃದ್ಧರು, ರೋಗನಿರೋಧಕ ಶಕ್ತಿ ಕುಂದಿದವರಿಗೆ ತೀವ್ರ ಕಾಯಿಲೆ ತರುವ ಸೂಕ್ಷ್ಮಾಣುಗಳು ಇದರಲ್ಲಿರಬಹುದು ಎಂಬ ಎಚ್ಚರಿಕೆ. 1996ರಲ್ಲಿ ಆ ದೇಶದಲ್ಲಿ ಪಾಶ್ಚರೀಕರಿಸದ ಸೇಬಿನ ರಸ ಕುಡಿದು ಅನೇಕರು ಕಾಯಿಲೆ ಬಿದ್ದು, ಒಂದು ಮಗು ತೀರಿಕೊಂಡಿತು. 1998ರಲ್ಲಿ ಈ ಎಚ್ಚರಿಕೆಯ ಚೀಟಿಯನ್ನು ಕಡ್ಡಾಯ ಮಾಡಿದರು. ಕಾರಣವಾದದ್ದು ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಕೆಟ್ಟ ತಳಿ. ಹುಳಿಯಲ್ಲಿ ರೋಗಾಣು ಬದುಕುವುದಿಲ್ಲವೆಂಬುದು ಸಾಮಾನ್ಯ ನಂಬಿಕೆ. ನಮ್ಮ ಉಪ್ಪಿನಕಾಯಿ ನಿಂತಿರುವುದೂ ಉಪ್ಪು, ಹುಳಿಗಳ ಬಲದ ಮೇಲೆಯೇ. ಈ ತಳಿ ಹುಳಿಯನ್ನೂ ಸಹಿಸಿಕೊಳ್ಳುತ್ತದೆ. ದನ, ಜಿಂಕೆಗಳು ಓಡಾಡುವ ನೆಲದ ಮೇಲೆ ಬಿದ್ದ ಹಣ್ಣನ್ನು ಹಿಂಡಿದರೆ ಸಗಣಿಯಿಂದ ರಸಕ್ಕೆ ಸೇರಬಹುದು. ದೊಡ್ಡ ತಯಾರಕರು ರಸವನ್ನು ಕಾಯಿಸಿಯೋ ಅತಿನೇರಳೆ ಕಿರಣಕ್ಕೆ ಒಡ್ಡಿಯೋ ಮಾರುತ್ತಾರೆ. ಸ್ವಂತ ತೋಟದಲ್ಲೇ ಹಿಂಡಿ ಅಲ್ಲೇ ನೇರವಾಗಿ ಮಾರುವ ಸಣ್ಣ ರೈತರು ಈ ಚೀಟಿ ಅಂಟಿಸಿ ಹಸಿಯಾಗಿಯೇ ಮಾರಬಹುದು. ಅಲ್ಲಿನವರು ಆ ಹಸಿರಸದ ರುಚಿಗೇ ಅಷ್ಟು ದೂರ ಬರುತ್ತಾರೆ.

ಮಗಳಿಗೆ ಸಿಟ್ಟು ಬಂತು. “ಎಲ್ಲರೂ ಕುಡಿಯುತ್ತಿದ್ದಾರೆ ಅಪ್ಪ. ಚಿಕ್ಕ ಮಕ್ಕಳೂ ಕುಡಿಯುತ್ತಿದ್ದಾರೆ. ಒಂದು ಗುಟುಕಿಗೆ ಏನಾಗುತ್ತೆ?” ಏನೂ ಆಗದಿರಬಹುದು. ಸಾವಿರದಲ್ಲಿ ಒಬ್ಬರಿಗೂ ಆಗದಿರಬಹುದು. ಆದರೆ 2020ರಲ್ಲಿ ಫೋನು ಹಿಡಿದು ಕುಳಿತಿದ್ದವನು ನಾನು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಲೂ ಇಲ್ಲ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಮುಚ್ಚಳವನ್ನು ತಿರುಗಿಸಿ ಬಿಗಿಮಾಡಿದಳು. ಕಾರಿನಲ್ಲಿ ಮನೆಯವರೆಗೂ ಮಾತಾಡಲಿಲ್ಲ.

ಮನೆಗೆ ಬಂದವನೇ ಹೂಜಿಯ ಅರ್ಧವನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟೆ. ಸೈಡರ್ ಕಾಯಿಸುವ ಕ್ರಮವನ್ನು ಹೇಳಿಕೊಟ್ಟವರು ಪಕ್ಕದ ಮನೆಯ ವೃದ್ಧೆ. ಎಂಬತ್ತು ದಾಟಿದ ಹೆಂಗಸು, ಬೇಲಿಯಾಚೆಯಿಂದ ನನ್ನೊಡನೆ ಗಿಡಗಳ ಬಗ್ಗೆ ಮಾತಾಡುತ್ತಿದ್ದವರು. ನನ್ನ ಶಾಲೆಯ ಇಂಗ್ಲಿಷ್ ಅವರಿಗೆ, ಅವರ ಮೂಗಿನ ಇಂಗ್ಲಿಷ್ ನನಗೆ ಅರ್ಧರ್ಧ ಅರ್ಥವಾಗುತ್ತಿತ್ತು. ಸಾಮಾನುಗಳ ಹೆಸರು ಕೇಳಿದಾಗ ಮಾತ್ರ ನಗು ಬಂತು. ಚಕ್ಕೆ, ಲವಂಗ, ಜಾಯಿಕಾಯಿ, ಶುಂಠಿ! ಇವೆಲ್ಲ ನಮ್ಮ ಅಡುಗೆಮನೆಯ ಸಾಸಿವೆ ಡಬ್ಬಿಯ ಪಕ್ಕದಲ್ಲಿರುವವರೇ. ಹೊಸದೆಂದರೆ ಆಲ್‌ಸ್ಪೈಸ್ ಎಂಬ, ಕಾಳುಮೆಣಸಿಗಿಂತ ತುಸು ದಪ್ಪನೆಯ ಒಣಕಾಯಿ. ವೆಸ್ಟ್ ಇಂಡೀಸಿನ ಕಡೆಯ ಮರದ್ದು. ಒಂದೇ ಕಾಯಿಯಲ್ಲಿ ಲವಂಗ, ಚಕ್ಕೆ, ಜಾಯಿಕಾಯಿ ಮೂರರ ಪರಿಮಳವೂ ಇದೆ.

ಎರಡು ಲೀಟರ್ ರಸಕ್ಕೆ ಬೆರಳುದ್ದದ ಎರಡು ಚಕ್ಕೆ, ಆರು ಲವಂಗ, ನಾಲ್ಕು ಆಲ್‌ಸ್ಪೈಸ್, ಅರ್ಧ ಇಂಚು ಹಸಿಶುಂಠಿ ಜಜ್ಜಿದ್ದು, ಕಿತ್ತಳೆಯ ಸಿಪ್ಪೆಯ ಒಂದು ಪಟ್ಟಿ. ಸಿಪ್ಪೆಯ ಒಳಗಿನ ಬಿಳಿಭಾಗ ಬರಬಾರದು, ಕಹಿಯಾಗುತ್ತದೆ. ಪುಡಿ ಹಾಕಬಾರದು; ಬಾಯಿಗೆ ಮರಳಿನಂತೆ ಸಿಗುತ್ತದೆ. ಬೆಲ್ಲ, ಸಕ್ಕರೆ ಬೇಡವೇ ಬೇಡ, ಒಂದು ಲೋಟ ರಸದಲ್ಲಿಯೇ 25 ಗ್ರಾಮಿಗಿಂತ ಹೆಚ್ಚು ಸಕ್ಕರೆಯಿದೆ. ನಾನು ಸಕ್ಕರೆ ಕಾಯಿಲೆಯವನಾದ್ದರಿಂದ ನನ್ನ ಪಾಲಿಗೆ ಕಾಲು ಲೋಟ ರಸ, ಮುಕ್ಕಾಲು ಬಿಸಿನೀರು. ಉರಿ ಸಣ್ಣದಿರಬೇಕು. ಕೊತಕೊತ ಕುದಿಸಿದರೆ ಹಣ್ಣಿನ ಪರಿಮಳ ಹಾರಿಹೋಗಿ ಬರೀ ಲವಂಗದ ಖಾರ ಉಳಿಯುತ್ತದೆ. ರೋಗಾಣು ಸಾಯಲು 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಅಳಿಯನ ಅಡುಗೆಯ ಉಷ್ಣಮಾಪಕವನ್ನು ಪಾತ್ರೆಗಿಳಿಸಿ 85 ದಾಟುವವರೆಗೆ ಕಾದು, ಆ ಬಿಸಿಯಲ್ಲೇ ಅರ್ಧ ಗಂಟೆ ಬಿಟ್ಟೆ. ಪ್ರಯೋಗಾಲಯದಲ್ಲಿಯೂ ನಾನು ಹೀಗೆಯೇ, ಅಗತ್ಯಕ್ಕಿಂತ ಎರಡು ಗೆರೆ ಮೇಲೆ.

ಮನೆಯೆಲ್ಲ ಘಮಘಮಿಸಿತು. ಮಗಳು ಕೋಣೆಯಿಂದ ಎದ್ದು ಬಂದಳು. ಸೋಸಿ ಲೋಟಕ್ಕೆ ಹಾಕಿಕೊಟ್ಟೆ. ಎರಡೂ ಕೈಯಲ್ಲಿ ಲೋಟ ಹಿಡಿದು, ಊದಿ ಊದಿ, ಕೊನೆಯ ಹನಿಯವರೆಗೆ ಕುಡಿದಳು. “ಇನ್ನಷ್ಟು ಇದೆಯಾ?” ಎಂದಳು. ನಾನು ಬಂದು ಒಂದು ತಿಂಗಳಾಗಿತ್ತು; ನನ್ನ ಕೈಯಿಂದ ಅವಳು ಏನನ್ನಾದರೂ ಎರಡನೆಯ ಸಲ ಕೇಳಿದ್ದು ಅದೇ ಮೊದಲು. ಸೈಡರ್ ರುಚಿಯಾಗಿತ್ತು, ಅದು ಹೌದು. ಆದರೆ ಅದಕ್ಕಿಂತ ಮಿಗಿಲಾಗಿ, ಈ ಪಾನೀಯವನ್ನು ನನ್ನಾಕೆ ಎಂದೂ ಕಾಯಿಸಿರಲಿಲ್ಲ. ಹೋಲಿಸಲು ಏನೂ ಇರಲಿಲ್ಲ. ಸಾರು, ಗೊಜ್ಜು, ಕಷಾಯ ಏನು ಮಾಡಿದರೂ ನಾನು ಇಲ್ಲದವಳ ಜಾಗದಲ್ಲಿ ನಿಂತ ಬದಲಿ ಮೇಷ್ಟ್ರು. ಇದೊಂದರಲ್ಲಿ ಮಾತ್ರ ಅಲ್ಲ.

ಅಂದಿನಿಂದ ಅದು ಸಂಜೆಯ ಕೆಲಸವಾಯಿತು. ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ನಾಲ್ಕೂವರೆಗೆಲ್ಲ ಕತ್ತಲೆ. ಅಳಿಯ ಮಹಡಿಯ ಮೇಲಿನ ಕೆಲಸ ಮುಗಿಸಿ ಇಳಿಯುವ ಹೊತ್ತಿಗೆ ಪಾತ್ರೆ ಒಲೆಯ ಮೇಲಿರುತ್ತಿತ್ತು. ಪಕ್ಕದ ಮನೆಯ ವೃದ್ಧೆಯೂ ಒಮ್ಮೊಮ್ಮೆ ಬರುತ್ತಿದ್ದರು. ನನ್ನ ಶುಂಠಿ ಹೆಚ್ಚಾಯಿತೆಂದು ಅವರ ಆಕ್ಷೇಪ, ಅವರದ್ದು ಸಪ್ಪೆಯೆಂದು ನನ್ನದು.

ನವೆಂಬರಿನ ಮೂರನೆಯ ವಾರ ಹೆರಿಗೆಯಾಯಿತು. ಹದಿನಾಲ್ಕು ಗಂಟೆ ನೋವು ತಿಂದ ಮೇಲೆ ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಹೆಣ್ಣು ಮಗು. ಆ ಹದಿನಾಲ್ಕು ಗಂಟೆಗಳ ಬಗ್ಗೆ ಬರೆಯಲಾರೆ. ಮರುದಿನ ನೋಡಲು ಹೋದರೆ, ಬಾಣಂತಿಯ ಪಕ್ಕದಲ್ಲಿ ದೊಡ್ಡ ಲೋಟ, ಅದರ ತುಂಬ ಮಂಜುಗಡ್ಡೆಯ ತುಂಡು ತೇಲುವ ನೀರು! ಅಲ್ಲಿ ಅದೇ ಪದ್ಧತಿ, ಬಾಣಂತಿಗೂ ಐಸ್ ನೀರು. ಅಕ್ಕ ನೋಡಿದ್ದರೆ ಅಲ್ಲೇ ಕುಸಿಯುತ್ತಿದ್ದಳು. ನಾನು ಎರಡು ಫ್ಲಾಸ್ಕ್ ಒಯ್ದಿದ್ದೆ. ಒಂದರಲ್ಲಿ ಮೆಣಸಿನ ಸಾರು, ಒಂದರಲ್ಲಿ ಸೈಡರ್. ನರ್ಸಮ್ಮನನ್ನು ಕೇಳಿದೆ, ಕೊಡಬಹುದು ಎಂದರು. ಮಗಳು ಕಣ್ಣಿನಲ್ಲೇ ಎರಡನೆಯದನ್ನು ತೋರಿಸಿದಳು. ದಿಂಬಿಗೊರಗಿಸಿ ಚಮಚದಲ್ಲಿ ಕುಡಿಸಿದೆ. ಆ ಕೋಣೆಯಲ್ಲಿಯೂ ಸೇಬಿನ ವಾಸನೆ ಹಬ್ಬಿತು. ನಾನು ಮಗುವನ್ನು ನೋಡುತ್ತ ಕುಳಿತೆ.

ಈ ಸುದ್ದಿ ಫೋನಿನಲ್ಲಿ ಅಕ್ಕನಿಗೆ ಮುಟ್ಟಿ ದೊಡ್ಡ ರಾದ್ಧಾಂತವಾಯಿತು. “ಸೇಬು ಶೀತವಲ್ಲೇನೋ! ಹಸಿಬಾಣಂತಿಗೆ ಕೊಡುವುದೇ? ಮಗುವಿಗೆ ಕೆಮ್ಮು ಹಿಡಿಯುತ್ತದೆ.” ಶುಂಠಿ, ಲವಂಗ, ಚಕ್ಕೆ ಹಾಕಿ ಅರ್ಧ ಗಂಟೆ ಕಾಯಿಸಿದ್ದೇನೆ ಅಕ್ಕ, ಇನ್ನು ಶೀತ ಎಲ್ಲಿ ಉಳಿಯಿತು ಎಂದೆ. ಬಹಳ ಹೊತ್ತು ಯೋಚಿಸಿದಳು. “ಹಾಗಾದರೆ ಅದು ಕಷಾಯವೇ ಆಯಿತಲ್ಲ” ಎಂದಳು. ಹೌದು ಎಂದೆ. “ಮತ್ತೆ ಅದನ್ನು ಮೊದಲೇ ಹೇಳಬಾರದೇ?” ಎಂದು ಗದರಿದಳು. ಅಕ್ಕನಿಂದಲೇ ಇದಕ್ಕೆ ಸೇಬಿನ ಕಷಾಯವೆಂಬ ಹೆಸರು ನಿಂತದ್ದು. ಸಾಂಬ್ರಾಣಿ ಹೊಗೆ ಹಾಕಲು ಹೋಗಿ ಹೊಗೆಯ ಎಚ್ಚರಿಕೆ ಗಂಟೆ ಬಡಿದುಕೊಂಡು ಬೀದಿಯವರೆಲ್ಲ ಹೊರಗೆ ಬಂದ ಕಥೆ ಬೇರೆ ಇದೆ, ಇನ್ನೊಮ್ಮೆ ಬರೆದೇನು.

ಡಿಸೆಂಬರಿನಲ್ಲಿ ಹಿಮ ಬಿದ್ದ ಮೇಲೆ ಆ ತೋಟದವರು ಬಾಗಿಲು ಹಾಕಿದರು. ಅಷ್ಟರೊಳಗೆ ಅಳಿಯ ನಾಲ್ಕು ಹೂಜಿ ತಂದು, ಹಿಗ್ಗಲು ತುಸು ಜಾಗವಿರಲೆಂದು ಮೇಲಿನಿಂದ ಒಂದೊಂದು ಲೋಟ ತೆಗೆದು, ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದ್ದ. ಫೆಬ್ರವರಿಯವರೆಗೆ ಬಂತು. ಒಂದು ರಾತ್ರಿ ಮಗು ನಿದ್ದೆ ಹೋದ ಮೇಲೆ ಮಗಳು ಮೇಲಿನ ಗೂಡಿನಿಂದ ನನ್ನ ಕಷಾಯದ ಪುಡಿಯ ಡಬ್ಬಿಯನ್ನು ತಾನಾಗಿಯೇ ಇಳಿಸಿ, ಹಾಲು ಕಾಯಿಸಿ ಎರಡು ಲೋಟ ಮಾಡಿ ತಂದಳು. “ಮೆಂತ್ಯ ಸ್ವಲ್ಪ ಜಾಸ್ತಿ ಹಾಕ್ತಿದ್ದಳು ಅನ್ನಿಸುತ್ತೆ ಅಮ್ಮ” ಎಂದಳು. ಇರಬಹುದು ಎಂದೆ. ಅಂದು ರಾತ್ರಿ ಅವಳ ಅಮ್ಮನ ಬಗ್ಗೆ ಮೂರು ವರ್ಷದಲ್ಲಿ ಆಡದಷ್ಟು ಮಾತು ಆಡಿದೆವು. ಲೋಟಗಳು ಖಾಲಿಯಾಗಿದ್ದವು.

ಹೊರಡುವ ಮುನ್ನ ಸೇಬಿನ ಕಷಾಯದ ಅಳತೆಗಳನ್ನೆಲ್ಲ ದುಂಡಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬಂದೆ. ಇಷ್ಟು ಚಮಚ, ಇಷ್ಟು ನಿಮಿಷ, ಇಷ್ಟು ಡಿಗ್ರಿ ಎಂದು. ಮರುವರ್ಷ ಅಕ್ಟೋಬರಿನಲ್ಲಿ ಮಗಳು ಫೋನಿನಲ್ಲಿ ಆ ಚೀಟಿಯನ್ನು ತೋರಿಸಿದಳು. ಕಿತ್ತಳೆ ಸಿಪ್ಪೆಯ ಸಾಲನ್ನು ಹೊಡೆದುಹಾಕಿ, ಲವಂಗ ಆರನ್ನು ನಾಲ್ಕು ಮಾಡಿದ್ದಾಳೆ. ಮೊಮ್ಮಗಳಿಗೆ ಖಾರವಾಗುತ್ತದಂತೆ.

ಅಮೆರಿಕದ ಆ ಸೀಮೆಯಲ್ಲಿರುವ ಶಿಷ್ಯರು ಮಾಡಿ ನೋಡಿ, ಹಸಿರಸವಾದರೆ ಕಾಯಿಸದೆ ಮಾತ್ರ ಮಕ್ಕಳಿಗೆ ಕೊಡಬೇಡಿ. ಇಲ್ಲಿರುವವರು ಪೊಟ್ಟಣದ ಸೋಸಿದ ರಸ ತಂದರೆ ಆ ರುಚಿ ಬಾರದು. ನಾನು ಹೋದ ಜುಲೈನಲ್ಲಿ ಎರಡು ಕಿಲೋ ಹಿಮಾಚಲದ ಸೇಬು ತಂದು, ಮಿಕ್ಸಿಯಲ್ಲಿ ಅರೆದು, ಪಂಚೆಯಲ್ಲಿ ಹಿಂಡಿದೆ. ಒಂದು ಲೀಟರ್ ಬಂತು. ಸಿಹಿ ಹೆಚ್ಚು, ಹುಳಿ ಸಾಲದು. ಅರ್ಧ ನಿಂಬೆಹಣ್ಣು ಹಿಂಡಿದ ಮೇಲೆ ಸರಿಹೋಯಿತು. ಅಕ್ಕ ಎರಡು ಲೋಟ ಕುಡಿದಳು.